ಬಕೆಟ್ ಖಾಲಿಯಾದ ಮೇಲೆ

ಮದುವೆಯಾದ ಮೂರನೇ ವಾರಕ್ಕೆ ಮಾಲ್ಡೀವ್ಸ್‌ಗೆ ಹೋಗಿಬಂದ ಅಕ್ಕನ ಮಗಳು, ಬನಶಂಕರಿಯ ನಮ್ಮ ಮನೆಗೆ ಗಂಡನೊಂದಿಗೆ ಊಟಕ್ಕೆ ಬಂದಾಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಸಂಜೆಯ ಹೊತ್ತು, ರೆಸಾರ್ಟಿನ ಮರದ ಅಟ್ಟಣೆ, ಅದರ ಕೆಳಗೆ ದೀಪದ ಬೆಳಕು ಬಿದ್ದು ಹಸಿರಾಗಿ ಕಾಣುವ ನೀರು. ಸಮವಸ್ತ್ರ ತೊಟ್ಟ ಹುಡುಗನೊಬ್ಬ ನೀಲಿ ಬಕೆಟ್ಟಿನಿಂದ ಮೀನಿನ ತಲೆ, ಕರುಳುಗಳನ್ನು ಎಸೆಯುತ್ತಿದ್ದಾನೆ. ಎಸೆದಲ್ಲೆಲ್ಲ ನೀರು ಕುದಿದಂತಾಗುತ್ತದೆ. ಈಜುರೆಕ್ಕೆಗಳ ತುದಿಗೆ ಕಾಡಿಗೆ ಹಚ್ಚಿದಂತಿರುವ ಹತ್ತು ಹನ್ನೆರಡು ಶಾರ್ಕುಗಳು ಒಂದರ ಮೈಮೇಲೊಂದು ಬಿದ್ದು ಹೊರಳುತ್ತವೆ. “ನೋಡಿ ಮಾಮ, ಥೇಟ್ ನಾಯಿಮರಿಗಳ ಹಾಗಿವೆ, ಏನೂ ಮಾಡುವುದಿಲ್ಲ” ಎಂದಳು. ಅವಳ ದನಿಯಲ್ಲಿ ನಿಜವಾದ ಅಕ್ಕರೆಯಿತ್ತು. ನಾನು ಚೆನ್ನಾಗಿದೆ ಎಂದು ಮೊಬೈಲನ್ನು ಹಿಂದಿರುಗಿಸಿದೆ. ಆದರೆ ಆ ‘ನಾಯಿಮರಿ’ ಎಂಬ ಮಾತು ಅಂದಿನಿಂದ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿದೆ.

ನಾನು ಹುಡುಗನಾಗಿದ್ದಾಗ ಶಾರ್ಕ್ ಎಂದರೆ ಹಲ್ಲು ಮತ್ತು ರಕ್ತ, ಅಷ್ಟೇ. ಒಂದೇ ತಲೆಮಾರಿನಲ್ಲಿ ಅದು ರಾಕ್ಷಸನ ಪದವಿಯಿಂದ ಇಳಿದು ಮುದ್ದಿನ ಪ್ರಾಣಿಯ ಪದವಿಗೆ ಬಂದಿದೆ. ಇದು ಒಳ್ಳೆಯ ಬದಲಾವಣೆಯೇ ಎಂದು ಯಾರಾದರೂ ಹೇಳಬಹುದು, ನಾನೂ ಕೆಲವು ದಿನ ಹಾಗೆಯೇ ಅಂದುಕೊಳ್ಳಲು ಪ್ರಯತ್ನಿಸಿದೆ. ಸಮುದ್ರದಿಂದ ನೂರಾರು ಕಿಲೊಮೀಟರ್ ದೂರದಲ್ಲಿರುವ ಈ ಊರಿನಲ್ಲಿ ಮಕ್ಕಳಿಗೆ ಪರಿಚಯವಾಗುವ ಮೊದಲ ‘ಶಾರ್ಕ್’ ಅಕ್ವೇರಿಯಂ ಅಂಗಡಿಯದು. ಬೆಳ್ಳಿ ಬಣ್ಣದ, ಒಂದೇ ಸಮನೆ ಗಾಜಿಗೆ ಮೂತಿ ಉಜ್ಜುವ ಆ ಮೀನು ಶಾರ್ಕ್ ಅಲ್ಲವೇ ಅಲ್ಲ, ಪಂಗಾಸಿಯಸ್ ಎಂಬ ಸಿಹಿನೀರಿನ ಮೀನು. ಅದನ್ನೇ ಹೋಟೆಲುಗಳಲ್ಲಿ ‘ಬಾಸಾ’ ಎಂದು ಬಡಿಸುತ್ತಾರೆ. ಹೀಗೆ ತೊಟ್ಟಿಯಲ್ಲಿಯೂ ತಟ್ಟೆಯಲ್ಲಿಯೂ ಹೆಸರನ್ನಷ್ಟೇ ಕಂಡು ಬೆಳೆದ ನಮಗೆ, ನಿಜವಾದ ಶಾರ್ಕಿನ ಎದುರು ಹೇಗೆ ನಿಲ್ಲಬೇಕೆಂಬುದು ತಿಳಿಯದೇ ಹೋದರೆ ಆಶ್ಚರ್ಯವಿಲ್ಲ. ನನಗೂ ತಿಳಿದಿರಲಿಲ್ಲ.

ಮೊಣಕಾಲುದ್ದದ ನೀರಿನಲ್ಲಿ

ಕೆಲವು ವರ್ಷಗಳ ಹಿಂದೆ ಕೊಚ್ಚಿಯಿಂದ ಹಡಗು ಹತ್ತಿ ಲಕ್ಷದ್ವೀಪದ ಕಡಮತ್‌ಗೆ ಹೋಗಿದ್ದೆ. ಕಡಮತ್ ಉದ್ದನೆಯ, ಸಪೂರವಾದ ದ್ವೀಪ. ಅದರ ಪಶ್ಚಿಮಕ್ಕೆ ಅಗಲವಾದ ಲಗೂನ್, ಅಂದರೆ ಹವಳದ ದಿಬ್ಬದ ಒಳಗೆ ನಿಂತ ಆಳವಿಲ್ಲದ ಕಡಲನೀರು, ಇದೆ. ಅದರಾಚೆ ಹವಳದ ದಿಬ್ಬದ ಅಂಚಿನಲ್ಲಿ ಅಲೆಗಳು ಒಡೆಯುವ ಬಿಳಿಯ ಗೆರೆ. ಗೆರೆಯಿಂದ ಆಚೆಗೆ ಒಮ್ಮೆಲೇ ಕಡುನೀಲಿ. ಇಳಿತದ ಹೊತ್ತಿನಲ್ಲಿ ಲಗೂನಿನೊಳಗೆ ನೂರಾರು ಹೆಜ್ಜೆ ನಡೆದರೂ ನೀರು ಮೊಣಕಾಲು ದಾಟುವುದಿಲ್ಲ. ಒಂದು ಮಧ್ಯಾಹ್ನ, ಹಿಂದಿನ ದಿನ ನಮ್ಮನ್ನು ದೋಣಿಯಲ್ಲಿ ಕರೆದೊಯ್ದಿದ್ದ ಹಿರಿಯರ ಜೊತೆ ಹಾಗೆ ನಡೆಯುತ್ತಿದ್ದೆ. ಅವರು ಮಲಯಾಳದಲ್ಲಿ ಹೇಳಿದ್ದರಲ್ಲಿ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ಕೈಸನ್ನೆಯಲ್ಲಿ ತಿಳಿಸುತ್ತಿದ್ದರು. ಇದ್ದಕ್ಕಿದ್ದಂತೆ ನನ್ನ ಮುಂದೆ, ನಾಲ್ಕು ಮಾರು ದೂರದಲ್ಲಿ, ನೀರಿನ ಮೇಲೆ ಒಂದು ಕಪ್ಪು ಚುಕ್ಕೆ ಸರಿಯಿತು. ಬೆನ್ನಿನ ಈಜುರೆಕ್ಕೆಯ ತುದಿ. ಅದರ ಕೆಳಗೆ ಮರಳಿನದೇ ಬಣ್ಣದ ಮೊಳದುದ್ದದ ಮೈ. ನಾನು ‘ಅಯ್ಯೋ’ ಎಂದು ಕೂಗಿ, ನೀರನ್ನು ಕಾಲಿನಿಂದ ಬಡಿಯುತ್ತ ಹಿಂದಕ್ಕೆ ಓಡತೊಡಗಿದೆ.

ಹಿರಿಯರು ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. ಬೆರಳನ್ನು ತುಟಿಗೆ ತಂದು, ಆಮೇಲೆ ಅಂಗೈಯನ್ನು ನೀರಿನ ಮೇಲೆ ಚಪ್ಪಟೆಯಾಗಿ ಹಿಡಿದು, ಅಲುಗಾಡಬೇಡಿ ಎಂದು ಸನ್ನೆ ಮಾಡಿದರು. ನಾವು ನಿಂತೆವು. ಎಷ್ಟು ಹೊತ್ತೋ ತಿಳಿಯದು. ಬಿಸಿಲು ಕುತ್ತಿಗೆ ಸುಡುತ್ತಿತ್ತು, ಪಾದದ ಸುತ್ತ ಕದಡಿದ್ದ ಮರಳು ಮೆಲ್ಲಗೆ ತಳ ಸೇರಿ ನೀರು ಮತ್ತೆ ಗಾಜಿನಂತಾಯಿತು. ಆಗ ಆ ಮರಿ ಮರಳಿ ಬಂದಿತು. ನೇರವಾಗಿ ಬರಲಿಲ್ಲ, ನಮ್ಮನ್ನು ನಡುವೆ ಇಟ್ಟುಕೊಂಡು ದೊಡ್ಡದೊಂದು ಬಳಸು ಹಾಕಿ, ಅರ್ಧದಲ್ಲಿ ತಿರುಗಿ, ಇನ್ನೊಂದು ದಿಕ್ಕಿನಿಂದ ಸ್ವಲ್ಪ ಹತ್ತಿರಕ್ಕೆ ಬಂದು, ಮತ್ತೆ ತಿರುಗಿತು. ಅದರ ಕಣ್ಣು ಕಂಡಿತು: ಸೀಳಿದಂತಹ ಕಪ್ಪು ಪಾಪೆ. ನನ್ನನ್ನು ನೋಡುತ್ತಿದೆ ಎಂದು ನನಗೆ ಅನ್ನಿಸಿದ್ದು ನಿಜ. ಆದರೆ ಅದು ಅಕ್ಕರೆಯ ನೋಟವೂ ಆಗಿರಲಿಲ್ಲ, ಹಗೆಯ ನೋಟವೂ ಆಗಿರಲಿಲ್ಲ. ಇಲ್ಲಿ ಏನೋ ನಿಂತಿದೆ, ಇದನ್ನು ಬಳಸಿ ಹೋಗಬೇಕು ಎಂಬಷ್ಟೇ ಎಚ್ಚರ ಅದರ ನಡೆಯಲ್ಲಿತ್ತು.

ನಾನು ನೀರು ಬಡಿದದ್ದು ಎಷ್ಟು ತಪ್ಪು ಎಂಬುದು ಊರಿಗೆ ಮರಳಿ ಓದಿದಾಗ ತಿಳಿಯಿತು. ಶಾರ್ಕಿನ ಮೈಯ ಎರಡೂ ಬದಿಯಲ್ಲಿ ನೀರಿನ ಕಂಪನವನ್ನು ಅರಿಯುವ ಅಂಗವಿದೆ. ಮೂತಿಯ ಸುತ್ತ, ಇತರ ಜೀವಿಗಳ ಮೈಯಿಂದ ಹೊಮ್ಮುವ ಅತಿ ಸೂಕ್ಷ್ಮ ವಿದ್ಯುತ್ತನ್ನೂ ಗ್ರಹಿಸಬಲ್ಲ, ಲೊರೆಂಜಿನಿ ಎಂಬ ವಿಜ್ಞಾನಿಯ ಹೆಸರಿನಿಂದ ಕರೆಯುವ ಲೋಳೆ ತುಂಬಿದ ಸಣ್ಣ ರಂಧ್ರಗಳಿವೆ. ತಾಳ ತಪ್ಪಿದ ಬಡಿತ ಅದಕ್ಕೆ ಗಾಯಗೊಂಡ ಮೀನಿನ ಒದ್ದಾಟದಂತೆ ಕೇಳುತ್ತದೆ. ಈ ಕಪ್ಪು ತುದಿಯ ಶಾರ್ಕ್ ತೀರ ಅಂಜುಬುರುಕ ಪ್ರಾಣಿ. ಬೆಳೆದರೂ ಸಾಮಾನ್ಯವಾಗಿ ಐದಾರು ಅಡಿ ಮೀರುವುದಿಲ್ಲ. ಅದು ಮನುಷ್ಯರನ್ನು ಕಚ್ಚಿದ ಅಲ್ಪಸ್ವಲ್ಪ ಪ್ರಕರಣಗಳಲ್ಲಿ, ಆಳವಿಲ್ಲದ ನೀರಿನಲ್ಲಿ ನಡೆಯುತ್ತಿದ್ದವರ ಕಾಲನ್ನು ಕಚ್ಚಿದ್ದು ಗಮನಾರ್ಹ. ನನ್ನ ಗಾಬರಿಯೇ ಅದನ್ನು ಕರೆಯುವ ಗಂಟೆಯಾಗಬಹುದಾಗಿತ್ತು.

ಹೆಡೆ

ಬೂದು ಬಣ್ಣದ, ಹವಳದ ದಿಬ್ಬದ ಹೊರ ಅಂಚಿನಲ್ಲಿರುವ ಇನ್ನೊಂದು ಶಾರ್ಕಿದೆ. ಅದರ ವಿಷಯವಾಗಿ ಓದಿದ್ದೊಂದು ನನ್ನನ್ನು ಬಹಳ ದಿನ ಕಾಡಿತು. ಪೆಸಿಫಿಕ್ ಸಾಗರದ ಎನೆವೆಟಾಕ್ ಹವಳ ದ್ವೀಪದಲ್ಲಿ ಈ ಶಾರ್ಕುಗಳನ್ನು ಗಮನಿಸಿದ ಇಬ್ಬರು ವಿಜ್ಞಾನಿಗಳು 1973ರಲ್ಲಿ ಅದರ ಒಂದು ವಿಚಿತ್ರ ಭಂಗಿಯನ್ನು ವಿವರಿಸಿದರು. ಮುಳುಗುಗಾರ ತನ್ನನ್ನು ಹಿಂಬಾಲಿಸಿದಾಗ, ಅದರಲ್ಲಿಯೂ ತಪ್ಪಿಸಿಕೊಳ್ಳುವ ದಾರಿ ಕಿರಿದಾದಾಗ, ಅದು ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಮೂತಿಯನ್ನು ಮೇಲಕ್ಕೆತ್ತಿ, ಎದೆಯ ಈಜುರೆಕ್ಕೆಗಳನ್ನು ಕೆಳಕ್ಕೆ ಇಳಿಬಿಟ್ಟು, ಮೈಯನ್ನು ಅಗತ್ಯಕ್ಕಿಂತ ಹೆಚ್ಚು ಬಳುಕಿಸುತ್ತ ಈಜುತ್ತದೆ. ಆ ಎಚ್ಚರಿಕೆಯನ್ನು ಲೆಕ್ಕಿಸದೆ ಮುಂದೆ ಹೋದವರ ಮೇಲೆ ಎರಗಿ, ಒಮ್ಮೆ ಕಚ್ಚಿ, ಹೊರಟುಹೋಗುತ್ತದೆ. ತಿನ್ನುವುದಕ್ಕಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮದೇ ಬೀದಿಯ ಖಾಲಿ ನಿವೇಶನ. ಪಾಯ ತೆಗೆಯುವ ಯಂತ್ರ ಬಂದ ದಿನ ಅಲ್ಲಿದ್ದ ನಾಗರಹಾವು ಹೊರಬಂದು, ಇಟ್ಟಿಗೆಯ ರಾಶಿಗೆ ಬೆನ್ನುಕೊಟ್ಟು, ಹೆಡೆಯೆತ್ತಿ ನಿಂತಿತ್ತು. ಸುತ್ತ ನಿಂತಿದ್ದವರಲ್ಲಿ ಅರ್ಧ ಜನ ಕೋಲು ಹುಡುಕುತ್ತಿದ್ದರು, ಉಳಿದವರು ಮೊಬೈಲ್ ಹಿಡಿದು ಹತ್ತಿರ ಹತ್ತಿರಕ್ಕೆ ಹೋಗುತ್ತಿದ್ದರು. ಎದುರುಮನೆಯ ಅಜ್ಜಿಯೊಬ್ಬರು ಮಾತ್ರ, “ಎರಡು ಹೆಜ್ಜೆ ಹಿಂದಕ್ಕೆ ಬನ್ರಪ್ಪಾ, ಅದಕ್ಕೆ ದಾರಿ ಬಿಡಿ” ಎಂದು ಕೂಗುತ್ತಲೇ ಇದ್ದರು. ಕೊನೆಗೆ ಎಲ್ಲರೂ ಹಿಂದೆ ಸರಿದರು. ಹೆಡೆ ಇಳಿಯಿತು. ಹಾವು ಚರಂಡಿಯ ಪಕ್ಕದಿಂದ ಹರಿದುಹೋಯಿತು. ಹೆಡೆ ಎಂದರೆ ಹಾವಿನ ಸಿಟ್ಟಲ್ಲ, ಅದು ಹಾವು ಆಡುವ ಮಾತು ಎಂದು ನಮ್ಮ ಹಿರಿಯರಿಗೆ ತಿಳಿದಿತ್ತು. ಬೂದು ಶಾರ್ಕ್ ಕೂಡ ಅದೇ ಮಾತನ್ನು ಆಡುತ್ತಿದೆ. ಅದನ್ನು ರಾಕ್ಷಸ ಎನ್ನುವವರಿಗೆ ಆ ಮಾತು ಕೇಳಿಸುವುದಿಲ್ಲ. ನಾಯಿಮರಿ ಎನ್ನುವವರಿಗಂತೂ ಇನ್ನೂ ಕೇಳಿಸುವುದಿಲ್ಲ ಎಂಬುದು ನನ್ನ ಆತಂಕ.

ಇಡೀ ಜಗತ್ತಿನಲ್ಲಿ, ಎಲ್ಲ ಜಾತಿಯ ಶಾರ್ಕುಗಳೂ ಸೇರಿ, ಮನುಷ್ಯರು ಕೆಣಕದೆಯೂ ಕಚ್ಚಿದ ಪ್ರಕರಣಗಳು ವರ್ಷಕ್ಕೆ ಸರಾಸರಿ ಅರವತ್ತು ಎಪ್ಪತ್ತರ ಆಸುಪಾಸಿನಲ್ಲಿವೆ. ಮನುಷ್ಯರ ಕೈಯಲ್ಲಿ ಸಾಯುವ ಶಾರ್ಕುಗಳು, 2013ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ, ವರ್ಷಕ್ಕೆ ಸುಮಾರು 10 ಕೋಟಿ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಬೆಚ್ಚಿಬೀಳಿಸುವುದು ಸುಲಭ. ಆದರೆ 10 ಕೋಟಿ ಎಂಬ ಅಂಕಿ ನನಗೆ ಏನನ್ನೂ ಹೇಳಲಿಲ್ಲ. ನನಗೆ ಹೇಳಿದ್ದು ಒಂದೇ ಒಂದು ಮೀನು.

ದೊಡ್ಡಮ್ಮನ ಮೆಟ್ಟುಕತ್ತಿ

ನಾನು ಏಳನೆಯ ತರಗತಿಯಲ್ಲಿದ್ದಾಗ ಅಕ್ಕನಿಗೆ ಹೆರಿಗೆಯಾಯಿತು. ಬಾಣಂತನ ಕುಂದಾಪುರದ ದೊಡ್ಡಮ್ಮನ ಮನೆಯಲ್ಲಿ. ಬಾಣಂತಿಗೆ ಹಾಲು ಹೆಚ್ಚಲು ಮರಿ ತಾಟೆಯ ಕಾಳುಮೆಣಸಿನ ಸಾರು ಕೊಡಬೇಕೆಂಬುದು ಕರಾವಳಿಯ ಹಲವು ಮನೆಗಳ ನಂಬಿಕೆ. ನಮ್ಮ ಕಡೆ ಶಾರ್ಕಿಗೆ ತಾಟೆ ಎನ್ನುತ್ತಾರೆ. ಕೊಂಕಣಿಯವರ ಬಾಯಲ್ಲಿ ಅದು ಮೋರಿ. ಬುಟ್ಟಿ ಹೊತ್ತು ಬರುವ ಮೀನಿನ ಹೆಂಗಸಿಗೆ ಎರಡು ದಿನ ಮೊದಲೇ ಹೇಳಿಟ್ಟು ತರಿಸಿದ ತಾಟೆ ಎರಡು ಅಡಿಯಷ್ಟಿತ್ತು, ಮರಿ ಎನ್ನುವಂತಿರಲಿಲ್ಲ. ದೊಡ್ಡಮ್ಮ ಅದರ ಮೇಲೆ ಕುದಿನೀರು ಹೊಯ್ದು, ತೆಂಗಿನ ಚಿಪ್ಪಿನಿಂದ ಚರ್ಮ ಕೆರೆಯತೊಡಗಿದರು. ನನಗೂ ಮುಟ್ಟಿ ನೋಡಲು ಬಿಟ್ಟರು. ತಲೆಯಿಂದ ಬಾಲದ ಕಡೆಗೆ ಸವರಿದರೆ ರೇಷ್ಮೆಯಂತಿದ್ದ ಚರ್ಮ, ಬಾಲದಿಂದ ತಲೆಯ ಕಡೆಗೆ ಸವರಿದರೆ ಬಡಗಿಯ ಉಪ್ಪುಕಾಗದದಂತೆ ಬೆರಳಿಗೆ ತರಚಿತು. ಅವು ಬೇರೆ ಮೀನುಗಳಂಥ ಹುರುಪೆಗಳಲ್ಲ, ರಚನೆಯಲ್ಲಿ ಹಲ್ಲಿನಂತೆಯೇ ಇರುವ ಸೂಕ್ಷ್ಮ ಮೊನೆಗಳು ಎಂದು ಆಗ ನನಗೆ ತಿಳಿದಿರಲಿಲ್ಲ.

ಮೆಟ್ಟುಕತ್ತಿಯ ಮೇಲೆ ಹೊಟ್ಟೆ ಸೀಳಿದ ದೊಡ್ಡಮ್ಮ ಥಟ್ಟನೆ ಕೈ ನಿಲ್ಲಿಸಿದರು. ಒಳಗೆ ಐದು ಮರಿಗಳಿದ್ದವು. ಒಂದೊಂದೂ ನನ್ನ ಅಂಗೈಯಷ್ಟು, ಕಣ್ಣು, ಕಿವಿರು, ಈಜುರೆಕ್ಕೆ ಎಲ್ಲವೂ ಮೂಡಿದ, ಬಿಳಿಚಿದ ಮರಿಗಳು. ಪ್ರತಿಯೊಂದರ ಎದೆಯ ನಡುವಿನಿಂದ ಒಂದು ಸಪೂರ ಬಳ್ಳಿ. “ಇದ್ರ ಹೊಟ್ಟಿಯಗೆ ಮರಿ ಇತ್ತ್ ಕಾಣ್” ಎಂದು ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು. ಒಳಕೋಣೆಯಲ್ಲಿ ಹನ್ನೆರಡು ದಿನದ ಕೂಸು ಅಳುತ್ತಿತ್ತು. ದೊಡ್ಡಮ್ಮ ಆ ಐದನ್ನೂ ಕೆಸುವಿನ ಎಲೆಯಲ್ಲಿ ಸುತ್ತಿ ತೆಂಗಿನ ಮರದ ಬುಡದಲ್ಲಿ ಹೂತು ಬಂದರು. ಆಮೇಲೆ ಕೈ ತೊಳೆದುಕೊಂಡು ಸಾರು ಮಾಡಿದರು. ಅಕ್ಕ ಉಂಡಳು. ಇದರಲ್ಲಿ ದೊಡ್ಡಮ್ಮನ ತಪ್ಪೇನೂ ಇಲ್ಲ. ಅವರ ಕೈ ನಿಂತ ಆ ಒಂದು ಗಳಿಗೆಯಲ್ಲಿ ನಾನು ಆಮೇಲೆ ಓದಿದ ಎಷ್ಟೋ ಲೇಖನಗಳಿಗಿಂತ ಹೆಚ್ಚಿನ ತಿಳಿವಳಿಕೆ ಇತ್ತೆಂದೇ ನನ್ನ ನಂಬಿಕೆ.

ಏಕೆಂದರೆ ವಿಷಯದ ಬೇರು ಅಲ್ಲಿಯೇ ಇದೆ. ಬೂತಾಯಿಯಂಥ ಸಣ್ಣ ಮೀನು ಒಂದು ಸಲಕ್ಕೆ ಹತ್ತಾರು ಸಾವಿರ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ಹವಳದ ದಿಬ್ಬದಲ್ಲಿ ಹೆಚ್ಚಾಗಿ ಕಾಣುವ ಕಪ್ಪು ತುದಿಯ, ಬಿಳಿ ತುದಿಯ, ಬೂದು ಶಾರ್ಕುಗಳು ಮೂರೂ ನಮ್ಮಂತೆ ಮಾಸು, ಹೊಕ್ಕುಳಬಳ್ಳಿಯ ಮೂಲಕ ಮರಿಯನ್ನು ಪೋಷಿಸಿ ಹೆರುವ ಮೀನುಗಳು. ಬೂದು ಶಾರ್ಕ್ ಸುಮಾರು ಒಂದು ವರ್ಷ ಬಸಿರು ಹೊತ್ತು ಹೆರುವುದು ಒಂದರಿಂದ ಆರು ಮರಿ. ಹುಟ್ಟಿದ ಕೆಲವು ವಾರಗಳವರೆಗೆ ಮರಿಯ ಎದೆಯಡಿಯಲ್ಲಿ ಹೊಕ್ಕುಳಿನ ಗಾಯ ಮಾಯದೆ ಇರುತ್ತದೆ. ಸಂಶೋಧಕರು ಅದನ್ನು ನೋಡಿಯೇ ಅದು ಎಷ್ಟು ಎಳೆಯದೆಂದು ಅಂದಾಜಿಸುತ್ತಾರೆ. ಕಡಮತ್‌ನಲ್ಲಿ ನನ್ನನ್ನು ಬಳಸಿ ಹೋದ ಮೊಳದುದ್ದದ ಮರಿಗೂ ಅಂಥದೊಂದು ಗಾಯ ಇದ್ದಿರಬೇಕು. ಫ್ರೆಂಚ್ ಪಾಲಿನೇಷ್ಯಾದಲ್ಲಿ ವಂಶವಾಹಿಗಳನ್ನು ಪರೀಕ್ಷಿಸಿದವರು ಕಂಡುಕೊಂಡಂತೆ, ಕಪ್ಪು ತುದಿಯ ಹೆಣ್ಣು ಶಾರ್ಕುಗಳಲ್ಲಿ ಕೆಲವು ಹೆರಿಗೆಗೆ ತಮ್ಮದೇ ಲಗೂನಿಗೆ, ಹಲವು ಹತ್ತು ಕಿಲೊಮೀಟರ್ ತೆರೆದ ಸಮುದ್ರವನ್ನು ದಾಟಿಯಾದರೂ, ಪ್ರತಿ ಸಲವೂ ಮರಳುತ್ತವೆ. ತವರಿಗೆ ಹೋಗುವುದು ಎಂದೇ ನನ್ನ ಮನಸ್ಸು ಅದನ್ನು ಓದಿಕೊಂಡಿತು. ಅಂಥ ಒಂದು ಲಗೂನಿನ ಬಾಯಿಗೆ ಒಂದು ಹಂಗಾಮು ಬಲೆ ಕಟ್ಟಿದರೆ ಎಷ್ಟು ವರ್ಷದ ಬಸಿರು ಬರಿದಾಗುತ್ತದೆ ಎಂದು ಯಾರೂ ಲೆಕ್ಕ ಹೇಳಿಕೊಡಬೇಕಾಗಿಲ್ಲ.

‘ಗ್ಲೋಬಲ್ ಫಿನ್‌ಪ್ರಿಂಟ್’ ಎಂಬ ಸಮೀಕ್ಷೆಯವರು 58 ದೇಶಗಳ 371 ಹವಳದ ದಿಬ್ಬಗಳಲ್ಲಿ ಮೀನಿನ ಎರೆಯ ಚೀಲದ ಮುಂದೆ ಕ್ಯಾಮೆರಾ ಇಳಿಬಿಟ್ಟು ಕಾದರು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸುಮಾರು ಐದರಲ್ಲಿ ಒಂದು ದಿಬ್ಬದಲ್ಲಿ ಒಂದು ಶಾರ್ಕೂ ಬರಲಿಲ್ಲ. ಎಲ್ಲೆಲ್ಲಿ ಇಲ್ಲವೆಂದು ನೋಡಿದಾಗ, ಜನದಟ್ಟಣೆ, ಬಲೆ ಹಾಗೂ ಉದ್ದ ಗಾಳದ ಸಾಲು, ಆಡಳಿತದ ದೌರ್ಬಲ್ಯ ಇವುಗಳ ಜೊತೆಗೆ ಇನ್ನೊಂದು ಕಾರಣವೂ ಎದ್ದು ಕಂಡಿತು: ಹತ್ತಿರದ ಮಾರುಕಟ್ಟೆಗೆ ಇರುವ ದೂರ. ಬೆಂಗಳೂರಿನ ನಾನು ಈ ಸಾಲನ್ನು ಎರಡೆರಡು ಸಲ ಓದಿದೆ. ಮಲ್ಪೆ, ಮಂಗಳೂರಿನ ಬಂದರಿನ ಧಕ್ಕೆಯಿಂದ ಐಸ್ ತುಂಬಿದ ಲಾರಿ ಘಾಟಿ ಹತ್ತಿ ಬೆಳಗಾಗುವುದರೊಳಗೆ ನಮ್ಮ ಮಾರುಕಟ್ಟೆ ತಲುಪುತ್ತದೆ. ನಾವು ಸಮುದ್ರದಿಂದ ದೂರ ಇದ್ದೇವೆ ಎಂಬುದು ನಕ್ಷೆಯ ಮಾತು. ಸಮುದ್ರಕ್ಕೆ ನಾವು ದೂರವಿಲ್ಲ.

ಕಾನೂನಿನ ಕಥೆಯನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. 2001ರ ಜುಲೈಯಲ್ಲಿ ನಮ್ಮ ಸರ್ಕಾರ ಎಲ್ಲ ಶಾರ್ಕುಗಳನ್ನೂ ಚಪ್ಪಟೆ ಮೈಯ ತೊರಕೆ ಮೀನುಗಳನ್ನೂ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಗೆ, ಸೇರಿಸಿತು. ಮೀನುಗಾರರು ಪ್ರತಿಭಟಿಸಿದರು, ಅವರ ಸಂಕಟ ಸುಳ್ಳಾಗಿರಲಿಲ್ಲ. ಅದೇ ವರ್ಷದ ಕೊನೆಗೆ ಪಟ್ಟಿ ಕೆಲವೇ ಜಾತಿಗಳಿಗೆ ಇಳಿಯಿತು, ಈ ಹವಳದ ದಿಬ್ಬದ ಶಾರ್ಕುಗಳು ಅದರಿಂದ ಹೊರಗುಳಿದವು. 2013ರಲ್ಲಿ, ರೆಕ್ಕೆ ಕತ್ತರಿಸಿ ಮೈಯನ್ನು ಸಮುದ್ರಕ್ಕೆ ಎಸೆಯಬಾರದು, ಹಿಡಿದರೆ ಇಡಿಯಾಗಿ ತರಬೇಕು ಎಂಬ ನಿಯಮ ಬಂದಿತು. 2015ರಲ್ಲಿ ರೆಕ್ಕೆಯ ರಫ್ತು ನಿಂತಿತು. ಬೂದು ಶಾರ್ಕ್ ಇಂದು ಜಾಗತಿಕ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಪ್ರಾಣಿ.

ಬಿಟ್ಟುಕೊಟ್ಟ ಜಾಗ

ಹವಾಯಿಯ ಹಳೆಯ ಕುಟುಂಬಗಳಲ್ಲಿ ಶಾರ್ಕನ್ನು ‘ಔಮಾಕುವಾ’, ಅಂದರೆ ಮನೆತನವನ್ನು ಕಾಯುವ ಹಿರಿಯ ಎಂದು ನಂಬುವವರಿದ್ದಾರೆ. ಇದನ್ನು ಅರ್ಥಮಾಡಿಕೊಳ್ಳಲು ತುಳುನಾಡಿನವರಿಗೆ, ಕುಂದಾಪುರದ ಕಡೆಯವರಿಗೆ ಕಷ್ಟವಾಗದು. ನಮ್ಮ ಕುಟುಂಬಕ್ಕೊಂದು ನಾಗಬನವಿದೆ. ಹುಡುಗರಾಗಿದ್ದಾಗ ಅದರೊಳಗೆ ಕಾಲಿಡುವಂತಿರಲಿಲ್ಲ. ಒಣಗಿ ಬಿದ್ದ ಸೌದೆಯನ್ನೂ ಹೆಕ್ಕುವಂತಿರಲಿಲ್ಲ. ನಾಗನನ್ನು ಯಾರೂ ಮುದ್ದು ಮಾಡುತ್ತಿರಲಿಲ್ಲ, ಯಾರೂ ಹೊಡೆಯುತ್ತಲೂ ಇರಲಿಲ್ಲ. ಇಷ್ಟು ಜಾಗ ಅವನದು, ಮಿಕ್ಕಿದ್ದು ನಮ್ಮದು ಎಂಬ ಒಪ್ಪಂದವಿತ್ತು. ಭಯ ಇತ್ತು, ಭಕ್ತಿ ಇತ್ತು. ಎರಡಕ್ಕಿಂತ ಹೆಚ್ಚಾಗಿ ಅಂತರ ಇತ್ತು. ಈಗ ಆ ಬನದ ಮರಗಳನ್ನು ಕಡಿದು ಗ್ರಾನೈಟ್ ಕಟ್ಟೆ ಕಟ್ಟಿದ್ದಾರೆ. ಪೂಜೆ ಮೊದಲಿಗಿಂತ ಜೋರಾಗಿದೆ, ಹಾವು ಇರಲು ತಾವಿಲ್ಲ. ಭಕ್ತಿ ಹೆಚ್ಚಾದಾಗಲೂ ಜಾಗ ಕಡಿಮೆಯಾಗಬಹುದು ಎಂಬುದನ್ನು ನಾನು ಊರಿನಲ್ಲಿಯೇ ಕಂಡಿದ್ದೇನೆ. ಆದ್ದರಿಂದಲೇ ಶಾರ್ಕಿನ ಮೇಲೆ ಹೊಸದಾಗಿ ಹುಟ್ಟಿರುವ ಪ್ರೀತಿಯನ್ನು ಪೂರ್ತಿಯಾಗಿ ನಂಬಲು ನನ್ನಿಂದ ಆಗುತ್ತಿಲ್ಲ.

ಆ ಪ್ರೀತಿಯಿಂದ ಒಳ್ಳೆಯದಾಗಿದೆ, ಅದನ್ನು ಅಲ್ಲಗಳೆಯಲಾರೆ. ಪಲಾವು ದೇಶ 2009ರಲ್ಲಿ ತನ್ನ ಸಮುದ್ರವನ್ನು ಶಾರ್ಕುಗಳ ಅಭಯಾರಣ್ಯವೆಂದು ಘೋಷಿಸಿತು. ಮಾಲ್ಡೀವ್ಸ್ 2010ರಲ್ಲಿ ದೇಶವಿಡೀ ಶಾರ್ಕ್ ಹಿಡಿಯುವುದನ್ನು ನಿಷೇಧಿಸಿತು. ಪಲಾವುವಿನಲ್ಲಿ ಒಂದು ಶಾರ್ಕ್ ತನ್ನ ಆಯುಸ್ಸಿನುದ್ದಕ್ಕೂ ಪ್ರವಾಸೋದ್ಯಮಕ್ಕೆ 19 ಲಕ್ಷ ಡಾಲರ್ ತಂದುಕೊಡುತ್ತದೆ ಎಂದು 2011ರ ಒಂದು ಅಧ್ಯಯನ ಲೆಕ್ಕ ಹಾಕಿತು. ಸರ್ಕಾರಗಳನ್ನು ಒಪ್ಪಿಸಲು ಈ ಲೆಕ್ಕ ಬೇಕು. ಆದರೂ, ಪ್ರವಾಸಿಗರು ನೋಡಬಯಸುವುದರಿಂದ ಅದು ಬದುಕಬೇಕು ಎಂದ ಮೇಲೆ ಅದು ನಮಗೆ ಕಾಣಿಸಲೇಬೇಕಾಗುತ್ತದೆ. ಗೊತ್ತಾದ ಹೊತ್ತಿಗೆ, ಗೊತ್ತಾದ ಅಟ್ಟಣೆಯ ಕೆಳಗೆ. ಅಲ್ಲಿಂದ ನೀಲಿ ಬಕೆಟ್ಟಿಗೆ ಹೆಚ್ಚು ದೂರವಿಲ್ಲ. ಫ್ರೆಂಚ್ ಪಾಲಿನೇಷ್ಯಾದ ಫಕರಾವಾ ದ್ವೀಪದ ದಕ್ಷಿಣದ ಕಿರುದಾರಿಯಲ್ಲಿ ಸುಮಾರು ಆರೇಳುನೂರು ಬೂದು ಶಾರ್ಕುಗಳು ಸೇರುತ್ತವೆ. ಯಾರೂ ಅಲ್ಲಿ ಎರೆ ಎಸೆಯಬೇಕಾಗಿಲ್ಲ. ಮೊಟ್ಟೆಯಿಡಲು ಸಾವಿರಾರು ಮೀನುಗಳು ಆ ಕಿರುದಾರಿಗೆ ಬರುತ್ತವೆ, ಅವುಗಳ ಹಿಂದೆ ಶಾರ್ಕುಗಳು. ಅಲ್ಲಿ ಮುಳುಗುವವರು ಶಾರ್ಕುಗಳ ಹೊತ್ತಿಗೆ ತಮ್ಮನ್ನು ಹೊಂದಿಸಿಕೊಳ್ಳುತ್ತಾರೆ. ಅಟ್ಟಣೆಯ ಕೆಳಗೆ ಶಾರ್ಕುಗಳು ನಮ್ಮ ಊಟದ ಹೊತ್ತಿಗೆ ಹೊಂದಿಕೊಳ್ಳುತ್ತವೆ. ಮನುಷ್ಯನ ನೆರಳು ಕಂಡರೆ ಬಳಸಿ ಹೋಗುತ್ತಿದ್ದ ಪ್ರಾಣಿ, ಆ ನೆರಳು ಕಂಡೊಡನೆ ಬಾಯಿ ತೆರೆಯುವುದನ್ನು ಕಲಿಯುತ್ತದೆ. ನಾಳೆ ಅದೇ ದೀಪದ ಕೆಳಗೆ ಒಂದು ಮಗು ಕಾಲು ಇಳಿಬಿಟ್ಟು ಕುಳಿತಾಗ, ಅಥವಾ ಬಕೆಟ್ ಹಿಡಿದವನ ಬದಲು ಗಾಳ ಹಿಡಿದವನು ಬಂದಾಗ, ಈ ಕಲಿಕೆಯ ಬೆಲೆಯನ್ನು ಯಾರು ತೆರುತ್ತಾರೆ?

ಮೊನ್ನೆ ಭಾನುವಾರ ಅಕ್ಕನ ಮಗಳು ಮತ್ತೆ ಬಂದಿದ್ದಳು. ಆ ವಿಡಿಯೊ ಇನ್ನೊಮ್ಮೆ ತೋರಿಸು ಎಂದು ನಾನೇ ಕೇಳಿದೆ. ಕುಂದಾಪುರದ ಅಡುಗೆಮನೆಯ ಸಂಗತಿಯನ್ನು, ಒಳಕೋಣೆಯಲ್ಲಿ ಅಂದು ಅಳುತ್ತಿದ್ದ ಕೂಸು ಅವಳೇ ಎಂಬುದನ್ನು ಅವಳಿಗೆ ಹೇಳಿದೆ. ಅವಳು ಸುಮ್ಮನೆ ಕೇಳಿದಳು. ಆಮೇಲೆ ವಿಡಿಯೊವನ್ನು ನಿಧಾನಗತಿಯಲ್ಲಿ ಓಡಿಸಿದಳು. ಅದರಲ್ಲೊಂದು ಶಾರ್ಕಿನ ಬಾಯಿಯ ಮೂಲೆಯಲ್ಲಿ ತುಕ್ಕು ಹಿಡಿದ ಗಾಳವಿತ್ತು, ಅದರಿಂದ ಗೇಣುದ್ದ ದಾರ ತೂಗಾಡುತ್ತಿತ್ತು. ಅದನ್ನು ಅವಳೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಬಕೆಟ್ ಖಾಲಿಯಾದೊಡನೆ ನಿಲ್ಲಿಸುತ್ತಿದ್ದ ವಿಡಿಯೊವನ್ನು ಈ ಸಲ ಕೊನೆಯವರೆಗೆ ಬಿಟ್ಟಳು. ಇನ್ನೂ ಹನ್ನೊಂದು ಸೆಕೆಂಡುಗಳಿದ್ದವು. ನೀರು ಮೆಲ್ಲಗೆ ಸಮನಾಯಿತು. ಶಾರ್ಕುಗಳು ಒಂದೆರಡು ಸುತ್ತು ಹಾಕಿದವು. ಆಮೇಲೆ ಒಂದೊಂದಾಗಿ, ದೀಪದ ವೃತ್ತದ ಅಂಚು ದಾಟಿ, ಕತ್ತಲಿನ ಕಡೆಗೆ ಹೊರಟವು. ಗಾಳ ಹೊತ್ತದ್ದು ಎಲ್ಲಕ್ಕಿಂತ ಕೊನೆಗೆ ಹೋಯಿತು.

“ಇವೆಲ್ಲ ಎಲ್ಲಿಗೆ ಹೋಗುತ್ತವೆ ಮಾಮ?” ಎಂದು ಕೇಳಿದಳು.